ಮುಯ್ಯಿಗೆ ಬಡ್ಡಿ ಇಲ್ಲ



ಸಾಲ ಅಂದರೆ ನಮಗೆ ಸೊಸೈಟಿ, ಬ್ಯಾಂಕು, ಬಡ್ಡಿ. ಬಡ್ಡಿಯಿಲ್ಲದ ಸಾಲವೂ ಒಂದು ನಮ್ಮಲ್ಲಿತ್ತು. ಮುಯ್ಯಿ.

ಅಜ್ಜಾವರದ ಕಡೆ, ಪಯಸ್ವಿನಿಯ ಆಚೀಚೆ ಗದ್ದೆಗಳಿದ್ದ ಕಾಲ. ಏಣೆಲು ನಾಟಿಗೆ ಇವತ್ತು ನಿಮ್ಮ ಮನೆಯ ನಾಲ್ಕು ಜನ ನೆರೆಯವರ ಗದ್ದೆಗೆ ಇಳಿದರೆ, ನಾಳಿದ್ದು ಅವರ ನಾಲ್ಕು ಜನ ನಿಮ್ಮ ಗದ್ದೆಗೆ. ಮಾಡಿಗೆ ಮುಳಿ ಹೊದಿಸುವುದಕ್ಕೂ ಹಾಗೆಯೇ. ಊಟ ಕೆಲಸದ ಮನೆಯದು. ಲೆಕ್ಕ ದಿನದ್ದು, ರೂಪಾಯಿಯದಲ್ಲ.

ಸರಕಾರಕ್ಕೆ ಮಾತ್ರ ಈ ಲೆಕ್ಕ ನಡೆಯದು. 1834ರಲ್ಲಿ ಕೊಡಗು ಕಂಪೆನಿಯ ಕೈಸೇರಿದ ಮೇಲೆ ಈ ಸೀಮೆಯಲ್ಲಿ ಧಾನ್ಯದ ಬದಲು ನಗದು ಕಂದಾಯ ಕೇಳಿದರು. 1837ರ ಅಮರಸುಳ್ಯದ ದಂಗೆಗೆ ಅದೂ ಒಂದು ಕಾರಣ. ನಗದು ಬೇಕೆಂದರೆ ಸಾಹುಕಾರನ ಬಾಗಿಲೇ ತಾನೆ?

ಆಮೇಲೆ ಗದ್ದೆಗೆ ಅಡಿಕೆ ಬಂತು. ನೇಜಿ ಯಾರೂ ನೆಟ್ಟಾರು. ಮರ ಹತ್ತಿ ಬೋರ್ಡೋ ಹೊಡೆಯುವವನ ಒಂದು ದಿನಕ್ಕೆ ನಮ್ಮ ಒಂದು ದಿನ ಸಾಟಿಯೇ? ಮುಯ್ಯಿ ಅಲ್ಲಿ ಮುರಿಯಿತು.

ಹೊಗಳುವಾಗ ಒಂದನ್ನು ಮರೆಯಬಾರದು. ಮುಯ್ಯಿ ನಡೆದದ್ದು ಗದ್ದೆ ಇದ್ದವರೊಳಗೆ. ಕೊಪ್ಪದ ಕೊರಗನಿಗೆ, ದಣಿಗಳ ಮೂಲದಾಳಿಗೆ ದುಡಿದ ದಿನವನ್ನು ತಿರುಗಿ ಪಡೆಯಲು ಸ್ವಂತ ಗದ್ದೆಯೇ ಇರಲಿಲ್ಲ. ಅವರ ಪಾಲಿಗಿದ್ದದ್ದು ಸಾಲ ಮಾತ್ರ. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ.

ಈಗ ಹಳದಿ ಎಲೆ ರೋಗ, ಎಲೆಚುಕ್ಕಿ ಎರಡೂ ತೋಟ ತಿನ್ನುತ್ತಿವೆ. ಕೂಲಿಗೂ ಸಾಲ ಎತ್ತುತ್ತೀರಿ. ಪೊದೆ ಸವರಲು, ಸೊಪ್ಪು ಹಾಕಲು, ಅಡಿಕೆ ಸುಲಿಯಲು ಮರ ಹತ್ತಬೇಕಿಲ್ಲವಲ್ಲ. ಈ ವರ್ಷ ನೆರೆಮನೆಯವರೊಡನೆ ಹತ್ತು ದಿನ ಬದಲಿಸಿ ನೋಡಿ. ತೋಟವಿಲ್ಲದವರು ಕೆಲಸಕ್ಕೆ ಬಂದರೆ ಮುಯ್ಯಿಯ ಮಾತೆತ್ತಬೇಡಿ. ಸಂಜೆಗೇ ಪೂರ್ತಿ ಕೂಲಿ ಕೊಟ್ಟು ಕಳಿಸಿ.