ಅಂಗಳದ ನೀರು ಎಲ್ಲಿಗೆ ಹೋಗುತ್ತದೆ?

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಗ್ಗೆ ಎದ್ದು ಅಂಗಳ ತೊಳೆದು, ವಾಹನಕ್ಕೆ ಸೋಪಿನ ಸ್ನಾನ ಮಾಡಿಸಿ, ಗಿಡಗಳಿಗೆ ಒಂದು ಹಿಡಿ ಯೂರಿಯಾ ಚೆಲ್ಲಿ ಒಳಗೆ ಬರುತ್ತೇವೆ. ಹರಿದುಹೋದ ನೀರನ್ನು ಯಾರೋ ಎಲ್ಲಿಯೋ ಶುದ್ಧಗೊಳಿಸುತ್ತಾರೆಂಬುದು ನಮ್ಮ ನಂಬಿಕೆ. ಅದು ಸರಿಯಲ್ಲ.

ಈ ತಪ್ಪು ತಿಳಿವಳಿಕೆಗೆ ನನ್ನಂಥವರೂ ಸ್ವಲ್ಪ ಹೊಣೆ. ಭಾಷಾಂತರವೇ ನನ್ನ ವೃತ್ತಿ. ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ನಾವು ‘ಚರಂಡಿ’ ಎಂಬ ಒಂದೇ ಪದವನ್ನು ಬರೆದುಬಿಡುತ್ತೇವೆ. ಶೌಚಾಲಯ, ಬಚ್ಚಲುಗಳ ನೀರನ್ನು ಶುದ್ಧೀಕರಣ ಸ್ಥಾವರಕ್ಕೆ ಒಯ್ಯಬೇಕಾದದ್ದು ಒಳಚರಂಡಿ. ಅಂಗಳ, ರಸ್ತೆಗಳ ನೀರನ್ನು ಒಯ್ಯುವುದು ಮಳೆನೀರಿನ ಕಾಲುವೆ. ಸಾಮಾನ್ಯವಾಗಿ ಅದು ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಹಳ್ಳವನ್ನೋ ನದಿಯನ್ನೋ ಸಮುದ್ರವನ್ನೋ ಸೇರುತ್ತದೆ.

ನಮ್ಮ ಮಿಠಿ ನದಿಯನ್ನೇ ನೋಡಿರಿ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ಸುಮಾರು 18 ಕಿಲೋಮೀಟರ್ ಹರಿದು, ಮಾಹಿಮ್ ಬಳಿ ಸಮುದ್ರ ಸೇರುವ ನದಿಯಿದು. ಇದನ್ನು ಕೆಡಿಸಿದ ಮುಖ್ಯ ಕಾರಣಗಳು ಕೊಳಚೆ ನೀರು ಮತ್ತು ಕಾರ್ಖಾನೆಗಳ ತ್ಯಾಜ್ಯ. ಪಾಪವನ್ನೆಲ್ಲ ಹೂಕುಂಡದ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಪಾಲೂ ಅದರಲ್ಲಿದೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದ್ದು, ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಜೂನ್ ತಿಂಗಳ ಜಡಿಮಳೆಯ ಮುನ್ನಾದಿನ ಚೆಲ್ಲಿದ ಗೊಬ್ಬರದಲ್ಲಿ ಬಹುಪಾಲು ಬೇರಿಗೆ ದಕ್ಕದೆ ಕೊಚ್ಚಿಹೋಗಬಹುದು. ಗುಲಾಬಿಗೆಂದು ಕೊಂಡದ್ದು ಪಾಚಿಗೆ ಆಹಾರವಾಗುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ವ್ಯಯವಾಗಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಪವಾಯಿ ಕೆರೆಯ ಮೇಲೆ ಹಬ್ಬುವ ನೇರಳೆ ಹೂವಿನ ಜಲಕಳೆ ನೋಡಲು ಬಲು ಅಂದ. ಆದರೆ ನೀರಿಗೆ ಪೋಷಕಾಂಶ ಮಿತಿಮೀರಿ ಸೇರಿದೆಯೆಂಬುದಕ್ಕೆ ಅದೇ ಕುರುಹು.

ಊರಿನಲ್ಲಿ ನಮ್ಮ ಹಿರಿಯರು ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಹರಿಸುತ್ತಿದ್ದರು. ಇಲ್ಲಿ ನಾವು ಇದ್ದ ಮಣ್ಣನ್ನೂ ಸಿಮೆಂಟಿನಿಂದ ಮುಚ್ಚಿ, ಅಚ್ಚುಕಟ್ಟೆಂದು ಹಿಗ್ಗುತ್ತೇವೆ. ಮಣ್ಣು ನೀರನ್ನು ಇಂಗಿಸುತ್ತದೆ, ಕೊಳೆಯನ್ನು ಸೋಸುತ್ತದೆ. ಸಿಮೆಂಟು ಎರಡನ್ನೂ ಮಾಡದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಸುರಿದ 944 ಮಿಲಿಮೀಟರ್ ಮಳೆಯನ್ನು ಯಾವ ಅಂಗಳವೂ ಇಂಗಿಸಲಾರದು, ನಿಜ. ಆದರೆ ಪ್ರತಿ ವರ್ಷದ ಸಾಧಾರಣ ಮಳೆಯ ಮಾತು ಬೇರೆ.

ಗುಡಿಸಿದ ಎಲೆಗಳನ್ನು ಕಾಲುವೆಗೆ ತಳ್ಳದೆ ಗೊಬ್ಬರದ ಗುಂಡಿಗೆ ಹಾಕಿರಿ. ಮೋಡ ಕವಿದಾಗ ಗೊಬ್ಬರ, ಕೀಟನಾಶಕಗಳನ್ನು ಮುಟ್ಟಬೇಡಿರಿ. ವಾಹನವನ್ನು ಬಕೆಟ್ಟಿನ ನೀರು, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸುವ ಪ್ರಸ್ತಾಪ ಬಂದರೆ, ಕಾಂಪೌಂಡಿನ ಉದ್ದಕ್ಕೂ ಎರಡಡಿ ಮಣ್ಣನ್ನಾದರೂ ಬಿಡಬೇಕೆಂದು ಎದ್ದು ನಿಂತು ಕೇಳಿರಿ.