ಇಲ್ಲದ ಕಾಲಿನ ನೋವು

ಬ್ರಹ್ಮಗಿರಿಯ ತಪ್ಪಲಿನ ಶ್ರೀಮಂಗಲದಲ್ಲಿಯೂ, ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ನಾಡಿಗಿತ್ತ ಕೊಡಗಿನ ಇತರ ಊರುಗಳಲ್ಲಿರುವಂತೆ, ನಿವೃತ್ತ ಯೋಧರ ಮನೆಗಳುಂಟು. ಯುದ್ಧದಲ್ಲಿ ಕಾಲನ್ನು ಕಳೆದುಕೊಂಡವನಿಗೆ, ಇಲ್ಲದ ಆ ಪಾದವೇ ರಾತ್ರಿಯೆಲ್ಲ ಉರಿಯುವುದುಂಟು; ಇದು ಮನಸ್ಸಿನ ದೌರ್ಬಲ್ಯವಲ್ಲ, ಕಳೆದುಹೋದ ಅಂಗದ ನಕ್ಷೆಯನ್ನು ಮಿದುಳು ಇನ್ನೂ ಕಾಪಾಡಿಕೊಂಡಿರುವುದರ ಫಲ. 1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು, ಉಳಿದ ಅಂಗದ ಪ್ರತಿಬಿಂಬವನ್ನು ಕನ್ನಡಿಯಲ್ಲಿ ತೋರಿಸಿ, ಕೆಲವರ ಇಂಥ ವೇದನೆಯನ್ನು ಶಮನಗೊಳಿಸಿದರು. 1944ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸೇನೆಯ ಕೃತಕಾಂಗ ಕೇಂದ್ರವು ನಡಿಗೆಯನ್ನು ಮರಳಿ ಕೊಡುತ್ತ ಬಂದಿದೆ. ಆದರೆ ಪುನಶ್ಚೇತನ ವೈದ್ಯನ ಪ್ರಥಮ ಔಷಧವು, ನನ್ನ ದೃಷ್ಟಿಯಲ್ಲಿ, ರೋಗಿಯ ಮಾತನ್ನು ನಂಬುವುದು. ಸಹನೆಯನ್ನೇ ಶೌರ್ಯವೆಂದು ಕಲಿತವನು ನೋವನ್ನು ತಾನಾಗಿ ಹೇಳಲಾರನು. ನಿಮ್ಮ ಮನೆಯ ಹಿರಿಯ ಯೋಧರನ್ನು ಇಂದು ವಿಚಾರಿಸಿರಿ; ನೋವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.