ಟಿಪ್ಪಣಿ ಪುಸ್ತಕದ ಮಾತು

(ಸಂಘದ ವಾಚನಾಲಯದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ ‘ಓದುವ ಹವ್ಯಾಸ’. ಓದಿರಿ ಎಂದು ಹೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಓದಿದ್ದನ್ನು, ಕೇಳಿದ್ದನ್ನು, ಕೈಯಾರೆ ಮಾಡಿ ಕಲಿತದ್ದನ್ನು ಬರೆದಿಟ್ಟುಕೊಳ್ಳಿರಿ, ಬರೆದದ್ದನ್ನು ನಾಲ್ಕು ಜನರ ಮುಂದೆ ಇಡಿರಿ ಎನ್ನುವವರು ಮಾತ್ರ ಕಡಿಮೆ. ಆದುದರಿಂದ ಅವರ ಅಪ್ಪಣೆ ಪಡೆದು ವಿಷಯವನ್ನು ಈ ಕಡೆಗೆ ಸ್ವಲ್ಪ ಎಳೆದುಕೊಂಡಿದ್ದೇನೆ.

ಬರೆದಿಡುವ ಅಭ್ಯಾಸ ನಮಗೆ ಹೊಸದೇನೂ ಅಲ್ಲ. ‘ಕಡತ’ ಎಂದೊಡನೆ ಈಗ ನಮ್ಮ ಕಣ್ಣ ಮುಂದೆ ಬರುವುದು ಸರಕಾರಿ ಕಛೇರಿಯ ಫೈಲು. ಅದರ ಮೇಲಿನ ಧೂಳು. ಹಿಂದೆ ಕಡತವೆಂದರೆ ಅದೊಂದು ಬಗೆಯ ಪುಸ್ತಕವೇ ಆಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿಯ ಲೆಕ್ಕ, ಮಠದ ಲೆಕ್ಕ, ಊರಿನ ವೃತ್ತಾಂತ ಎಲ್ಲವೂ ಅದರಲ್ಲಿ. ಶೃಂಗೇರಿ ಮಠದ ಕಡತಗಳಿಂದ ಇತಿಹಾಸಕಾರರು ಎಷ್ಟೋ ಸಂಗತಿಗಳನ್ನು ತಿಳಿದುಕೊಂಡಿದ್ದಾರೆ. ಆ ದಿನದ ಖರ್ಚು ಬರೆದಿಟ್ಟ ಗುಮಾಸ್ತನಿಗೆ ತಾನು ಇತಿಹಾಸ ಬರೆಯುತ್ತಿದ್ದೇನೆಂಬ ಕಲ್ಪನೆಯೂ ಇದ್ದಿರಲಾರದು.

ಓಲೆಗರಿಯ ಕಥೆ ಇನ್ನೊಂದು ಬಗೆಯದು. ಕಂಟದಿಂದ ಕೊರೆದು, ಮಸಿ ತೀಡಿ, ಎಷ್ಟು ಶ್ರಮಪಟ್ಟು ಬರೆದವರು ನಮ್ಮ ಹಿರಿಯರು! ಆದರೆ ಅವರ ಮುಂದಿನವರು ಏನು ಮಾಡಿದರು? ಕಟ್ಟನ್ನು ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿದರು. ಪೂಜೆ ತಪ್ಪಲಿಲ್ಲ, ನಿಜ, ಓದು ತಪ್ಪಿತು. ಬಿಚ್ಚಿ ನೋಡುವವರಿಲ್ಲದ ಕಟ್ಟನ್ನು ಗೆದ್ದಲು ಬಿಚ್ಚಿ ನೋಡಿತು.

ಇಂಥ ಕಾಲದಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಬಂದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಈ ಮುಂಬಯಿಯಲ್ಲಿಯೇ ಕಾಲೇಜು ಓದಿದವರು, ವಿಜಾಪುರದಲ್ಲಿ ವಕೀಲರಾಗಿದ್ದವರು. ವಕೀಲಿಯಿಂದ ಸುಖವಾಗಿ ಬದುಕಬಹುದಾಗಿತ್ತು. ಅದನ್ನು ಬದಿಗೊತ್ತಿ ಅವರು ಮನೆಮನೆ, ಮಠಮಠ ತಿರುಗಿ ವಚನಗಳ ಓಲೆಗರಿಗಳನ್ನು ಕೂಡಿಹಾಕಿದರು. ಕೂಡಿಹಾಕಿದ್ದನ್ನು ಕೈಯಿಂದ ಪ್ರತಿಮಾಡಿದರು, ವಿಷಯದ ಪ್ರಕಾರ ವಿಂಗಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಮನೆಯನ್ನು ಮಾರಿ ಮುದ್ರಣಾಲಯವನ್ನೇ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಜುಲೈ 2ನ್ನು ಕರ್ನಾಟಕ ಸರಕಾರ ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ.

ಇದನ್ನು ಕೇಳಿದಾಗ ನಾವು ಅವರ ತ್ಯಾಗವನ್ನು ಹೊಗಳಿ ಚಪ್ಪಾಳೆ ತಟ್ಟುತ್ತೇವೆ. ನನಗೆ ಅದಕ್ಕಿಂತ ಹೆಚ್ಚಿನದಾಗಿ ಕಾಣುವುದು ಮತ್ತೊಂದು ಗುಣ. ಎಲ್ಲವೂ ಸಂಪೂರ್ಣವಾಗಲಿ, ಒಂದು ಅಕ್ಷರವೂ ಸಂದೇಹವಿಲ್ಲದಂತಾಗಲಿ, ಆಮೇಲೆ ಹೊರಗೆ ತರೋಣ ಎಂದು ಅವರು ಕಾಯಲಿಲ್ಲ. ಸಿಕ್ಕಿದ್ದನ್ನು ಸಿಕ್ಕಹಾಗೆ ಓದುಗರ ಮುಂದಿಟ್ಟರು. ಇಟ್ಟದ್ದರಿಂದಲೇ ಓದುವವರು ಹುಟ್ಟಿದರು, ಹುಡುಕುವವರು ಹುಟ್ಟಿದರು, ಪಾಠದೋಷ ತೋರಿಸುವ ವಿದ್ವಾಂಸರೂ ಹುಟ್ಟಿದರು. ಮುಂದಿನವರು ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ತಿದ್ದಲು ಸಾಧ್ಯವಾದದ್ದು, ತಿದ್ದುವುದಕ್ಕೆ ಕೈಯಲ್ಲಿ ಏನಾದರೂ ಇದ್ದುದರಿಂದ ತಾನೇ?

ಇದು ದೊಡ್ಡವರ ಮಾತಾಯಿತು, ನಮ್ಮಂಥ ಗುಮಾಸ್ತರಿಗೆ, ಹೋಟೆಲಿನವರಿಗೆ, ಗಿರಣಿಯವರಿಗೆ ಏನು ಸಂಬಂಧ ಎಂದು ಹಿಂದಿನ ಸಾಲಿನವರು ಕೇಳುವಂತೆ ಕಾಣುತ್ತದೆ. ಸಂಬಂಧವುಂಟು. ನಮ್ಮ ಪರಿಚಯದ ಒಬ್ಬರ ವಿಷಯ ಹೇಳುತ್ತೇನೆ; ಹೆಸರು ಬೇಡ. ಬೆಳಗಾವಿ ಕಡೆಯ ಕಮ್ಮಾರರ ಮನೆತನ. ಇಲ್ಲಿ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಟ್ಟರ್ ಆಗಿದ್ದರು. ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತ್ತು. ಆದರೆ ಜೇಬಿನಲ್ಲಿ ಸದಾ ಒಂದು ಸಣ್ಣ ವಹಿ. ಕಾರ್ಖಾನೆಯಲ್ಲಿ ಕಂಡದ್ದನ್ನೆಲ್ಲ ಅದರಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಉಕ್ಕನ್ನು ಹದ ಮಾಡುವಾಗ ಅದರ ಮೇಲೆ ಬಣ್ಣಗಳು ಓಡುತ್ತವೆ; ಯಾವ ಬಣ್ಣ ಬಂದಾಗ ನೀರಿಗೆ ಹಾಕಬೇಕೆಂಬುದೇ ಆ ಕೆಲಸದ ಗುಟ್ಟು. ಪುಸ್ತಕಗಳಲ್ಲಿ ಇದಕ್ಕೆ ಇಂಗ್ಲಿಷ್ ಹೆಸರುಗಳುಂಟು. ಇವರು ಬರೆದದ್ದು ಹೀಗೆ: ಲೇಥಿನ ಹತಾರಕ್ಕೆ ಒಣಹುಲ್ಲಿನ ಬಣ್ಣ, ಚಾಣಕ್ಕೆ ನೇರಳೆಹಣ್ಣಿನ ಬಣ್ಣ, ಸ್ಪ್ರಿಂಗಿಗೆ ನವಿಲಿನ ಕುತ್ತಿಗೆಯ ನೀಲಿ. ತಿದಿ, ಅಡಿಗಲ್ಲು, ಇಕ್ಕುಳ, ಅರ ಮುಂತಾದ ಊರ ಕುಲುಮೆಯ ಮಾತುಗಳ ಎದುರಿಗೆ ಕಾರ್ಖಾನೆಯ ಯಂತ್ರಗಳ ಹೆಸರುಗಳು. ತಂದೆ ಯಾವ ಕೆಲಸವನ್ನು ಹೇಗೆ ಮಾಡುತ್ತಿದ್ದರು, ಇಲ್ಲಿ ಹೇಗೆ ಮಾಡುತ್ತಾರೆ, ವ್ಯತ್ಯಾಸವೇನು ಎಂಬುದೂ ಉಂಟು.

ಅವರು ತೀರಿಕೊಂಡ ಮೇಲೆ ಮನೆಯವರು ಖೋಲಿ ಬದಲಾಯಿಸಿದರು. ಇಪ್ಪತ್ತಕ್ಕೂ ಮೇಲ್ಪಟ್ಟು ವಹಿಗಳು ಹಳೆಯ ವರ್ತಮಾನಪತ್ರಿಕೆಗಳ ಜೊತೆ ರದ್ದಿಯವನ ತಕ್ಕಡಿಗೆ ಹೋದವು. ಮನೆಯವರನ್ನು ದೂರಬಾರದು. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು. ಮುಂಬಯಿಯ ಖೋಲಿಯಲ್ಲಿ ಮನುಷ್ಯರಿಗೇ ಸ್ಥಳವಿಲ್ಲ. ಆದರೆ ಒಂದು ವಹಿ ಉಳಿಯಿತು. ಹೇಗೆಂದರೆ, ಅದೇ ಚಾಳಿನ ಒಬ್ಬ ಹುಡುಗ ಅಪ್ರೆಂಟಿಸ್ ಪರೀಕ್ಷೆಗೆ ಕೂಡುವವನಿದ್ದ. “ಕಾಕಾ, ನಿಮ್ಮ ವಹಿ ನಾಕು ದಿನ ಕೊಡ್ರಿ” ಎಂದು ಒಯ್ದಿದ್ದ. ನಾಲ್ಕು ದಿನ ನಾಲ್ಕು ತಿಂಗಳಾಗಿ, ಆಮೇಲೆ ಅವನಲ್ಲಿಯೇ ನಿಂತಿತು. ನಾನು ಅದನ್ನು ನೋಡಿದ್ದೇನೆ. ಹುಡುಗ ಓದುವಾಗ ತಿಳಿಯದ ಕಡೆ ಬಂದು ಕೇಳುತ್ತಿದ್ದನಂತೆ. ಕೇಳಿದಾಗಲೆಲ್ಲ ಅವರು ಅಂಚಿನಲ್ಲಿ ಕೆಂಪು ಶಾಯಿಯಿಂದ ಇನ್ನೆರಡು ಸಾಲು ಸೇರಿಸಿದ್ದಾರೆ. ನೇರಳೆಯ ಬಣ್ಣ ಬಂದು ನೀಲಿಗೆ ತಿರುಗಲು ಎಷ್ಟು ಹೊತ್ತು, ಹಗಲು ಬೆಳಕಿನಲ್ಲಿ ಬಣ್ಣ ಹೇಗೆ ಮೋಸ ಮಾಡುತ್ತದೆ ಎಂಬುದೆಲ್ಲ ಆ ಕೆಂಪು ಸಾಲುಗಳಲ್ಲಿದೆ. ತನಗಾಗಿ ಬರೆದುಕೊಂಡಾಗ ಅವು ಅವರಿಗೆ ಬೇಕಿರಲಿಲ್ಲ, ಗೊತ್ತೇ ಇದ್ದವು. ಇನ್ನೊಬ್ಬ ಕೇಳಿದಾಗ ಮಾತ್ರ ಹೊರಬಂದವು. ನನ್ನ ಅಭಿಪ್ರಾಯದಲ್ಲಿ ಆ ವಹಿಯಲ್ಲಿ ಕಪ್ಪು ಶಾಯಿಗಿಂತ ಕೆಂಪು ಶಾಯಿಗೇ ಬೆಲೆ ಹೆಚ್ಚು.

ಟಿಪ್ಪಣಿ ಬರೆಯುವ ಕ್ರಮದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಕೇಳಿದ್ದನ್ನು ಕೇಳಿದ ಹಾಗೆಯೇ ನಕಲು ಮಾಡುವುದರಿಂದ ಕೈಗೆ ಮಾತ್ರ ಅಭ್ಯಾಸ. ಪುಸ್ತಕ ಮುಚ್ಚಿ, ನೆನಪಿನಿಂದ, ಸ್ವಂತ ಮಾತಿನಲ್ಲಿ ಬರೆದು ನೋಡಿದಾಗ ಎಲ್ಲಿ ತಿಳಿದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ತಾರೀಖು ಹಾಕಿರಿ. ಯಾರಿಂದ ತಿಳಿಯಿತು, ಯಾವ ಊರಿನ ರೂಢಿ ಎಂಬುದನ್ನು ಬರೆಯಿರಿ. ಜರ್ಮನಿಯಿಂದ ಬಂದ ಪಾದ್ರಿ ಕಿಟ್ಟೆಲರು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದುಕೊಂಡು ಕೂಡಿಸಿದ ಸುಮಾರು 70,000 ಶಬ್ದಗಳ ಕೋಶ 1894ರಲ್ಲಿ ಅಚ್ಚಾಯಿತು. ಇಂದಿಗೂ ನಾವು ಅದನ್ನು ತೆರೆಯಲು ಒಂದು ಕಾರಣ, ಶಬ್ದ ಯಾವ ಗ್ರಂಥದಲ್ಲಿ ಬಂದದ್ದು, ಯಾವ ಗಾದೆಯಲ್ಲಿ ಬಳಕೆಯಾದದ್ದು ಎಂಬ ಗುರುತನ್ನು ಅವರು ಬಿಡದೆ ಹಾಕಿರುವುದು. ನಮ್ಮ ತಾಯಂದಿರ ಅಡಿಗೆ ಪುಸ್ತಕಗಳಿಗೂ ಇದೇ ನಿಯಮ. “ಉಪ್ಪು ಸಾಕಷ್ಟು” ಎಂದು ಬರೆದರೆ ಬರೆದವರಿಗೆ ಸಾಕು. ನಾಳೆ ಓದುವ ಸೊಸೆಗೆ ಸಾಲದು. ಪಾವು, ಚಟಾಕು ಎಂದು ಬರೆದಿದ್ದರೆ ಪಕ್ಕದಲ್ಲಿ ಗ್ರಾಮಿನ ಲೆಕ್ಕವೂ ಇರಲಿ.

ಕಲಿತದ್ದನ್ನು ಹಂಚಿದರೆ ನಮ್ಮ ಬೆಲೆ ಕಡಿಮೆಯಾಗುವುದಿಲ್ಲವೇ ಎಂದು ಒಬ್ಬ ಹೋಟೆಲಿನ ಹಿರಿಯರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಸಾರಿನ ಪುಡಿಯ ಅಳತೆಯ ಮೇಲೆ ಮನೆ ನಡೆಸುವವನಿಗೆ ಅದನ್ನು ಬೀದಿಯಲ್ಲಿ ಸಾರೆಂದು ನಾನು ಹೇಳಲಾರೆ. ಹಾಗೆಯೇ ಇನ್ನೊಬ್ಬರು ನಂಬಿಕೆಯಿಂದ ಹೇಳಿದ ಮನೆಮಾತು ಟಿಪ್ಪಣಿ ಪುಸ್ತಕದಿಂದ ಹೊರಗೆ ಹೋಗಬಾರದು. ಬೇರೆಯವರಿಂದ ಕಲಿತದ್ದನ್ನು ತನ್ನದೆಂದು ಹೇಳಿಕೊಳ್ಳುವುದಂತೂ ಕಳ್ಳತನವೇ. ಆದರೆ ಅದೇ ಹಿರಿಯರು ಹುಡುಗನಾಗಿ ಈ ಊರಿಗೆ ಬಂದಾಗ ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋದವರು. ನಾಲ್ವರಿಗೆ ಒಂದು ಪುಸ್ತಕ. ಒಬ್ಬನಿಗೆ ಪಾಳಿ ಬಿದ್ದ ದಿನ ಇನ್ನೊಬ್ಬ ಪಾಠ ಬರೆದುಕೊಂಡು ಬಂದು, ಅಂಗಡಿ ಮುಚ್ಚಿದ ಮೇಲೆ ಮೇಜುಗಳನ್ನು ಕೂಡಿಸಿ ಎಲ್ಲರಿಗೂ ಹೇಳುತ್ತಿದ್ದ. ಮುಂಬಯಿಯಲ್ಲಿ ನಮ್ಮ ಜನ ತಲೆಯೆತ್ತಿದ್ದು ಅಂಥ ಟಿಪ್ಪಣಿಗಳ ಬಲದಿಂದ. ಇದನ್ನು ಅವರಿಗೆ ನೆನಪು ಮಾಡಿದೆ. ನಕ್ಕರು, ಸಾರಿನ ಪುಡಿಯ ಅಳತೆ ಮಾತ್ರ ಹೇಳಲಿಲ್ಲ.

ಈಗ ಎಲ್ಲವೂ ಕೈಯೊಳಗಿನ ಫೋನಿನಲ್ಲಿ ಸಿಗುವಾಗ ಬರೆಯುವುದೇಕೆ ಎಂದು ತರುಣರು ಕೇಳುತ್ತಾರೆ. ಫೋನಿನಲ್ಲಿರುವುದು ಯಾರೋ ಬರೆದು ಇಟ್ಟದ್ದು, ಅಷ್ಟೆ. ವಿ. ಕೃಷ್ಣ ಎಂಬ ಮಹನೀಯರು ಸುಮಾರು ನಾಲ್ಕು ದಶಕಗಳ ಕಾಲ ತಾವೇ ಕುಳಿತು ಕನ್ನಡ–ಇಂಗ್ಲಿಷ್ ಪದಕೋಶವೊಂದನ್ನು ಸಿದ್ಧಪಡಿಸಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. 2019ರಲ್ಲಿ ಅದು ‘ಅಲರ್’ ಎಂಬ ಹೆಸರಿನಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ನಿಮ್ಮ ಮಕ್ಕಳು ಒಂದು ಕ್ಷಣದಲ್ಲಿ ಕನ್ನಡ ಪದಕ್ಕೆ ಅರ್ಥ ಹುಡುಕುವಾಗ, ಆ ಕ್ಷಣದ ಹಿಂದೆ ಒಬ್ಬರ ನಲವತ್ತು ವರ್ಷಗಳಿರಬಹುದು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ‘ಪ್ರಜಾವಾಣಿ’ಯಲ್ಲಿ ಓದುಗರು ಶಬ್ದಗಳ ಬಗ್ಗೆ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ಆ ನಿಘಂಟುಕಾರರಿಗೆ ಶಬ್ದಗಳ ಬಗ್ಗೆ ತಿಳಿಯದ್ದು ಕಡಿಮೆ. ಆದರೂ ಅಂಕಣ ನಡೆದದ್ದು ಕೇಳುವವರು ಇದ್ದುದರಿಂದ.

ಇನ್ನು ನಮ್ಮ ಸಂಘದ ಮಾತು. ಊರಿನಲ್ಲಿದ್ದವನಿಗೆ ತನ್ನ ಊರಿನ ಮಾತು ಒಂದೇ ಕಿವಿಗೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಈ ಸಭೆಯಲ್ಲಿಯೇ ಮೈಸೂರಿನವರು ಕಡಲೆಕಾಯಿ ಎನ್ನುತ್ತಾರೆ, ಧಾರವಾಡದವರು ಶೇಂಗಾ ಎನ್ನುತ್ತಾರೆ, ಉಡುಪಿಯವರು ನೆಲಗಡಲೆ ಎನ್ನುತ್ತಾರೆ. ತಿನ್ನುವಾಗ ಮಾತ್ರ ಎಲ್ಲರೂ ಒಂದೇ. ಪೊರಕೆ, ಕಸಬರಿಗೆ, ಹಿಡಿಸೂಡಿ ಒಂದೇ ಚಾಳಿನ ಮೂರು ಬಾಗಿಲುಗಳ ಹಿಂದೆ ನಿಂತಿವೆ. ಕರ್ನಾಟಕದ ಯಾವ ಹಳ್ಳಿಯಲ್ಲಿ ಇಂಥ ಅನುಕೂಲವಿದೆ? ಅದನ್ನು ಬರೆದುಕೊಳ್ಳಲು ನಮಗಿರುವ ಕಾಲ ಮಾತ್ರ ದೀರ್ಘವಲ್ಲ. ಈ ಮಾತುಗಳನ್ನು ಊರಿಂದ ಬಾಯಲ್ಲಿ ಹೊತ್ತು ತಂದ ತಲೆಮಾರಿನವರು ಇಂದು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದಾರೆ. ಕಳೆದ ವರ್ಷ ಇನ್ನೂ ನಾಲ್ಕು ಕುರ್ಚಿಗಳು ತುಂಬಿದ್ದವು.

ಆದುದರಿಂದ ವಾಚನಾಲಯದ ಮೇಜಿನ ಮೇಲೆ ಇನ್ನೂರು ಪುಟದ ಒಂದು ಖಾಲಿ ಪುಸ್ತಕವನ್ನು ಇಡಿಸಿದ್ದೇನೆ. ಎಡಗಡೆಯ ಪುಟ ಬರೆಯುವವರಿಗೆ: ಒಂದು ಮಾತು, ಒಂದು ಅಡಿಗೆ, ಕಸುಬಿನ ಒಂದು ಗುಟ್ಟು, ಈ ಊರಿನಲ್ಲಿ ಕಷ್ಟಪಟ್ಟು ತಿಳಿದುಕೊಂಡ ಒಂದು ಸಂಗತಿ. ಕೆಳಗೆ ಊರಿನ ಹೆಸರು, ತಾರೀಖು. ಬಲಗಡೆಯ ಪುಟ ಓದಿದವರಿಗೆ: ನಮ್ಮಲ್ಲಿ ಹೀಗಲ್ಲ, ಹಾಗೆ ಎನ್ನುವವರಿಗೆ, ತಿಳಿಯಲಿಲ್ಲ ಎಂದು ಕೇಳುವವರಿಗೆ. ಬರೆಯಲು ಬಾರದ ಅಜ್ಜಿಯಂದಿರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಹುಡುಗರ ಕಾಗುಣಿತವೂ ಸುಧಾರಿಸೀತು. ಆ ರೈಲ್ವೆ ಕಾರ್ಖಾನೆಯ ವಹಿಯಿಂದ ಉಕ್ಕಿನ ಬಣ್ಣಗಳ ಪಟ್ಟಿಯನ್ನು, ಅಂದಿನ ಹುಡುಗ ಇಂದಿನ ನಮ್ಮ ಸದಸ್ಯರು, ಮೊದಲನೆಯ ಪುಟದಲ್ಲಿ ಬರೆದುಕೊಟ್ಟಿದ್ದಾರೆ. ಎರಡನೆಯ ಪುಟ ಖಾಲಿ ಇದೆ. ಕೆಂಪು ಶಾಯಿಯ ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿದ್ದೇನೆ. ದಯವಿಟ್ಟು ಯಾರೂ ಅದನ್ನು ಮನೆಗೆ ಒಯ್ಯಬಾರದಾಗಿ ವಿನಂತಿ.